ಹೊರಗೆ ಬೀಗ, ಒಳಗೆ ನಾವು

ನಮ್ಮವರು ಬೀಗದ ಕೆಲಸದವರು. ಬಸ್ ನಿಲ್ದಾಣದ ಪಕ್ಕ, ಚಪ್ಪಲಿ ಅಂಗಡಿಯ ಗೋಡೆಗೆ ಒರಗಿಕೊಂಡಿರುವ ತಗಡಿನ ಪೆಟ್ಟಿಗೆ ಅಂಗಡಿ ಅವರದು. ಕೂತರೆ ಮೊಣಕಾಲು ಬೀದಿಗೆ ಬರುತ್ತದೆ, ಅಷ್ಟೇ ಜಾಗ. ಕೀ ಕಳೆದುಕೊಂಡವರು, ಕೀಯನ್ನು ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡವರು, ಅತ್ತೆಗೆ ಗೊತ್ತಾಗದ ಹಾಗೆ ಕಪಾಟಿಗೆ ಇನ್ನೊಂದು ಕೀ ಬೇಕಾದ ಸೊಸೆಯರು, ಎಲ್ಲರೂ ಇವರ ಹತ್ತಿರವೇ ಬರುವುದು. ಎಂಥ ಬೀಗವನ್ನಾದರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾರೆ. ಊರಿಗೆಲ್ಲ ಇವರು ಬೀಗದಣ್ಣ. ಇಪ್ಪತ್ತೆರಡು ವರ್ಷದಲ್ಲಿ ಇವರು ತೆಗೆಯದೆ ಬಿಟ್ಟ ಬೀಗ ಒಂದೇ ಒಂದು. ಅದರ ಕತೆಯನ್ನೇ ಹೇಳುತ್ತಿದ್ದೇನೆ.

ಸಾಲ ಹುಟ್ಟಿದ್ದು ಆಸ್ಪತ್ರೆಯಲ್ಲಿ. ನಮ್ಮತ್ತೆ ಅಲ್ಲಿ ಐದು ವಾರ ಮಲಗಿದ್ದರು. ಅವರು ಹೋದರು, ಬಿಲ್ಲು ನಮ್ಮ ಜೊತೆ ಮನೆಗೆ ಬಂತು. ಆ ಬಿಲ್ಲಿಗೆ ಒಂದು ಸಾಲ, ಆ ಸಾಲ ತೀರಿಸಲು ಇನ್ನೊಂದು, ಅದರ ಬಡ್ಡಿಗೆ ಮತ್ತೊಂದು. ಇವರು ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕಿದರು. ಕೊನೆಯ ಕಾಗದದಲ್ಲಿ ಕೀ ಕತ್ತರಿಸುವ ಮಿಷನ್ನನ್ನೇ ಅಡ ಇಟ್ಟರು. ಪೂರ್ತಿ ಕಂತು ಎರಡು ಸಲ ತಪ್ಪಿದರೆ ಮಿಷನ್ ಸಾಲ ಕೊಟ್ಟವರದು. ಮಿಷನ್ ಹೋದರೆ ನಮ್ಮ ಅನ್ನ ಹೋಯಿತು, ಅಷ್ಟೇ ವಿಷಯ. ಇವರ ಮೇಲೆ ನನಗೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತೆಯ ಮೇಲೂ ಇದೆ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹಾಗೆ ಹೇಳುವವರು ಬಡ್ಡಿ ಕಟ್ಟುವುದಿಲ್ಲ.

ವಸೂಲಿಗೆ ಬರುತ್ತಿದ್ದವನಿಗೆ ಮೂವತ್ತು ವರ್ಷ ಇರಬಹುದು. ಇಸ್ತ್ರಿ ಮಾಡಿದ ಅಂಗಿ, ಒರೆಸಿದ ಬೂಟು. ಕೂಗಾಡುವವನಾಗಿದ್ದರೆ ನಾನೂ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದೆ. ಜಗಳದಲ್ಲಿ ನಾನೇನು ಕಡಿಮೆಯವಳಲ್ಲ. ಇವನು ಕೂಗುವುದೇ ಇಲ್ಲ. ಮೆತ್ತಗೆ ಮಾತಾಡುತ್ತಾನೆ, ನನ್ನನ್ನು ಅಕ್ಕ ಎನ್ನುತ್ತಾನೆ. ನಾವು ನಮ್ಮೊಳಗೇ ಅವನಿಗೆ ಮೆತ್ತನೆಯವನು ಎಂದು ಹೆಸರಿಟ್ಟಿದ್ದೆವು. ಒಂದು ಸಲ ಬಾಗಿಲಲ್ಲಿ ನಿಂತು, ಹಣದ ಮಾತೇ ಎತ್ತದೆ, ನಮ್ಮ ಮಗಳ ಕಡೆ ನೋಡಿ, "ಪುಟ್ಟಿ ಶಾಲೆ ಮೂರೂವರೆಗೆ ಬಿಡುತ್ತಲ್ವಾ ಅಕ್ಕಾ? ದೊಡ್ಡ ರಸ್ತೆ ದಾಟಬೇಕು, ಪಾಪ" ಎಂದ. ಅಷ್ಟೇ ಹೇಳಿ ಹೋದ. ಅಂದಿನಿಂದ ಮೋಟರ್ ಬೈಕಿನ ಸದ್ದು ಕೇಳಿದರೆ ಮಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ.

ಖರ್ಚು ಹಿಡಿದೆವು ಎಂದರೆ ಇನ್ನು ಹಿಡಿಯಲು ಏನೂ ಉಳಿಯದ ಹಾಗೆ ಹಿಡಿದೆವು. ಹಾಲು ನಿಂತಿತು. ಎರಡು ಬಲ್ಬು ಬಿಚ್ಚಿಟ್ಟೆ. ಸೋಪಿನ ಚೂರುಗಳನ್ನೆಲ್ಲ ನೆನೆಸಿ ಒತ್ತಿ ಒಂದು ಹೊಸ ಸೋಪು ಮಾಡಿದೆ; ಮೂರು ಬಣ್ಣದ ಸೋಪು ನೋಡಿ ಮಗಳಿಗೆ ಖುಷಿಯೋ ಖುಷಿ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೂ ಹತ್ತು ದಿನ ಎಳೆದೆವು. ಇವರು ಬಸ್ಸು ಬಿಟ್ಟು ನಡೆದರು. ಮಿಷನ್ನಿನ ಕೆಳಗೆ ಬೀಳುವ ಹಿತ್ತಾಳೆಯ ಪುಡಿಯನ್ನು ಗುಡಿಸಿ ಡಬ್ಬಿಗೆ ತುಂಬಿದರು. ಡಬ್ಬಿ ತುಂಬಿದರೆ ಗುಜರಿಯವನು ಒಂದು ಬ್ರೆಡ್ಡಿಗಾಗುವಷ್ಟು ಕೊಡುತ್ತಿದ್ದ. ಚಪ್ಪಲಿ ಅಂಗಡಿಯವನು ಹಳೇ ಪರಿಚಯಕ್ಕೆ ಇವರ ಚಪ್ಪಲಿಗೆ ಮೂರು ಸಲ ಬಿಟ್ಟಿ ಹೊಲಿಗೆ ಹಾಕಿಕೊಟ್ಟ. ನಾಲ್ಕನೇ ಸಲ, ಅಣ್ಣಾ ಇದರಲ್ಲಿ ಚಪ್ಪಲಿ ಕಡಿಮೆ, ದಾರವೇ ಜಾಸ್ತಿ ಎಂದು ನಕ್ಕ. ನಾವೂ ನಕ್ಕೆವು. ಇಷ್ಟೆಲ್ಲ ಮಾಡಿದರೂ ಕಟ್ಟಿದ್ದೆಲ್ಲ ಬಡ್ಡಿಗೇ ಹೋಗುತ್ತಿತ್ತು, ಅಸಲು ಕದಲಲಿಲ್ಲ.

ಆಗ ಇವರು ಒಂದು ಉಪಾಯ ಹೇಳಿದರು. ತಿಂಗಳ ಮೊದಲ ವಾರ ಕಂತಿನ ವಾರ. ಆ ವಾರ ಅಂಗಡಿ ಮುಚ್ಚುವುದು, ಮಿಷನ್ನನ್ನು ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳುವುದು, ಅವನು ಬರುವ ಹೊತ್ತಿಗೆ ಮನೆಗೆ ಹೊರಗಿನಿಂದ ಬೀಗ ಹಾಕಿ ನಾವು ಒಳಗೇ ಕೂತಿರುವುದು. ಎಲ್ಲೋ ಹೋಗಿದ್ದಾರೆ ಎಂದುಕೊಂಡು ಅವನು ವಾಪಸು ಹೋಗಲಿ, ಎರಡನೇ ವಾರ ಕೈಗೆ ಸೇರಿದಷ್ಟು ಕೊಟ್ಟರಾಯಿತು. ಬೀಗ ಹಾಕುವ ಕೆಲಸ ನನ್ನದು. ಮುಂಬಾಗಿಲಿಗೆ ಬೀಗ ಜಡಿದು, ಸುತ್ತು ಬಳಸಿ ಹಿಂದಿನ ಓಣಿಗೆ ಬಂದು, ಇವರು ಎರಡು ಸರಳು ಬಿಚ್ಚಿದ ಅಡುಗೆಮನೆಯ ಕಿಟಕಿಯಿಂದ ಒಳಗೆ ಇಳಿಯುತ್ತಿದ್ದೆ. ನಲವತ್ತು ದಾಟಿದ ಹೆಂಗಸು, ಸ್ವಂತ ಮನೆಗೆ ಕಳ್ಳಿಯ ಹಾಗೆ! ಮೊದಲ ದಿನ ಅರ್ಧದಲ್ಲಿ ಸಿಕ್ಕಿಕೊಂಡೆ. ಇವರು ಕೈ ಹಿಡಿದು ಎಳೆದರು, ಮಗಳು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು. ಎರಡನೇ ತಿಂಗಳಿಗೆ ಯಾರಿಗೂ ನಗು ಬರಲಿಲ್ಲ.

ಒಳಗೆ ಕೂರುವುದೆಂದರೆ ಸುಮ್ಮನೆ ಕೂರುವುದಲ್ಲ. ನಲ್ಲಿ ತಿರುಗಿಸುವಂತಿಲ್ಲ. ಕುಕ್ಕರ್ ಇಡುವಂತಿಲ್ಲ, ಅದು ಕೂಗಿದರೆ ಮನೆಯಲ್ಲಿ ಜನ ಇದ್ದಾರೆಂದು ಬೀದಿಗೇ ಸಾರಿದ ಹಾಗೆ. ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ಅನ್ನಕ್ಕಿಡುತ್ತಿದ್ದೆ. ಒಂದು ಸಲ ಅನ್ನ ಬೇಯುತ್ತಿರುವಾಗಲೇ ಅವನ ಬೂಟಿನ ಸದ್ದು ಮೆಟ್ಟಿಲ ಮೇಲೆ ಬಂತು. ಅವನು ಬೀಗವನ್ನು ಎತ್ತಿ ಬಿಟ್ಟ, ಟಣ್ ಎಂದಿತು. ಒಲೆ ನನ್ನಿಂದ ನಾಲ್ಕು ಹೆಜ್ಜೆ. ಎದ್ದು ಆರಿಸಲು ಕಾಲೇ ಏಳಲಿಲ್ಲ. ಅನ್ನ ತಳ ಹಿಡಿಯಿತು, ಸೀಯಿತು, ಕಪ್ಪಾಯಿತು. ಅವನು ಹೋಗುವವರೆಗೆ ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಆಮೇಲೆ ಕಪ್ಪಾದದ್ದನ್ನು ಕೆರೆದು ಬಿಟ್ಟು ಉಳಿದದ್ದನ್ನು ತಿಂದೆವು.

ಮಗಳಿಗೆ ಒಂಬತ್ತು ವರ್ಷ. ಅವನು ಶಾಲೆಯ ಗೇಟಿನಲ್ಲಿ ಕಾಯುತ್ತಾನೆಂಬ ಭಯಕ್ಕೆ ಆ ವಾರ ಅವಳನ್ನೂ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆವು. ಜ್ವರ ಎಂದು ಚೀಟಿ ಕಳಿಸಿದರೆ, ನಿಮ್ಮ ಮಗಳ ಜ್ವರಕ್ಕೆ ಕ್ಯಾಲೆಂಡರ್ ನೋಡುವುದು ಗೊತ್ತಿದೆ ಎಂದು ಟೀಚರ್ ಛೇಡಿಸಿದರು. ಅವಳಿಗೆ ಮೊದಲಿನಿಂದಲೂ ಒಣಕೆಮ್ಮು. ಹೊರಗೆ ಹೆಜ್ಜೆ ಕೇಳಿದರೆ ದಿಂಬಿಗೆ ಮುಖ ಒತ್ತಿ ಕೆಮ್ಮು ನುಂಗಲು ಕಲಿತಳು. ಕಣ್ಣು ಕೆಂಪಾಗಿ, ಕತ್ತಿನ ನರ ಉಬ್ಬಿ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆಯಾಡಿಸಿದ ಮೇಲೆಯೇ ಕೆಮ್ಮುತ್ತಿದ್ದಳು. ಬರಬರುತ್ತ ಬೀಗ ಇಲ್ಲದ ದಿನಗಳಲ್ಲೂ ನನ್ನನ್ನು ಕೇಳಿಯೇ ಕೆಮ್ಮತೊಡಗಿದಳು.

ಐದನೇ ತಿಂಗಳು, ಮೂರನೇ ವಾರ, ಮೆತ್ತನೆಯವನು ನೇರ ಅಂಗಡಿಗೇ ಬಂದ. ಇವರೊಬ್ಬರನ್ನೇ ಬಿಡಲು ಮನಸ್ಸಾಗದೆ ಆ ದಿನಗಳಲ್ಲಿ ನಾನೂ ಅಂಗಡಿಗೆ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಬಾಕಿ ಕೇಳುತ್ತಾನೆಂದುಕೊಂಡರೆ ಅವನು ಬೇರೆಯೇ ಮಾತು ತೆಗೆದ. ಎರಡು ಬೀದಿ ಆಚೆ ಒಂದು ಮನೆಯಂತೆ. ಸಾಲ ಮಾಡಿದವರು ಮೂರು ವಾರದ ಹಿಂದೆ ಬೀಗ ಹಾಕಿಕೊಂಡು ಓಡಿಹೋಗಿದ್ದಾರಂತೆ. ಸಾಮಾನು ಸಾಗಿಸಬೇಕು, ಬೀಗ ಒಡೆದರೆ ಬೀದಿಯವರು ಸೇರುತ್ತಾರೆ, ಸದ್ದಿಲ್ಲದೆ ತೆಗೆದುಕೊಡಬೇಕು. ತೆಗೆದುಕೊಟ್ಟರೆ ನಮ್ಮ ಮೂರು ತಿಂಗಳ ಬಾಕಿ ಮಾಫಿ, ಒಂದು ವರ್ಷ ಮಿಷನ್ನಿನ ತಂಟೆಗೆ ಬರುವುದಿಲ್ಲ. ತೆಗೆಯದಿದ್ದರೆ ಏನೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ನಾನೇ ಉಪಕರಣದ ಚೀಲ ಹೆಗಲಿಗೇರಿಸಿ ಮುಂದೆ ನಡೆದೆ.

ಅದೂ ನಮ್ಮದರಂಥದೇ ಒಂಟಿ ಬಾಗಿಲಿನ ಮನೆ. ಕಿಟಕಿಗೆ ಒಳಗಿನಿಂದ ಹಳೆಯ ಪೇಪರು ಅಂಟಿಸಿತ್ತು. ಸಾಮಾನು ಹೊರಲು ಅವನು ಕರೆತಂದಿದ್ದ ಇಬ್ಬರು ಕೂಲಿಯವರು ತಳ್ಳುಗಾಡಿಯ ಪಕ್ಕ ನಿಂತಿದ್ದರು. ಇವರು ಬಗ್ಗಿ ಬೀಗವನ್ನು ಅಂಗೈಯಲ್ಲಿ ಇಟ್ಟುಕೊಂಡರು. ಮೂರು ವಾರ ಮುಟ್ಟದ ಬೀಗವಾದರೆ ಕೀ ಹಾಕುವ ಕಿಂಡಿಯಲ್ಲಿ ಧೂಳು ಕೂತಿರಬೇಕು. ಇದರ ಕಿಂಡಿ ಫಳಫಳ ಎನ್ನುತ್ತಿತ್ತು, ಅಂಚಿನಲ್ಲಿ ಹೊಸ ಎಣ್ಣೆ. ದಿನಾ ಹಾಕಿ ದಿನಾ ತೆಗೆಯುವ ಬೀಗ. ಇವರು ತಲೆಯೆತ್ತಿ ನನ್ನ ಕಡೆ ನೋಡಿದರು. ಅಷ್ಟರಲ್ಲಿ ನನ್ನ ಮೂಗಿಗೂ ಬಡಿಯಿತು. ಬಾಗಿಲ ಸಂದಿಯಿಂದ ಅನ್ನ ತಳ ಹಿಡಿಯುತ್ತಿರುವ ವಾಸನೆ.

ಒಳಗೆ ಯಾರೋ ಒಬ್ಬಳು ಒಲೆಯಿಂದ ನಾಲ್ಕು ಹೆಜ್ಜೆ ದೂರ ಕೂತು ಅದನ್ನು ನೋಡುತ್ತಿದ್ದಾಳೆ. ಅವಳ ಮುಖ ನಾನು ಕಂಡಿಲ್ಲ, ಆದರೆ ಅವಳ ಕಾಲು ಏಕೆ ಏಳುತ್ತಿಲ್ಲ ಎನ್ನುವುದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಈಗ ಹೇಳುವುದನ್ನು ನಾನು ಯಾರ ಮುಂದೆಯೂ ಹೇಳಿಲ್ಲ. ನಾನು ಇವರಿಗೆ ಕಣ್ಣಲ್ಲೇ ಹೇಳಿದೆ: ತೆಗೆಯಿರಿ. ಅವರ ಹಣೆಬರಹ ಅವರಿಗೆ, ನಮ್ಮ ಮಿಷನ್ ನಮಗೆ. ಅಷ್ಟು ಹೆದರಿದ್ದೆ ನಾನು. ಹೆದರಿದವರಿಗೆ ನಾಚಿಕೆ ಇರುವುದಿಲ್ಲ.

ಇವರು ಚೀಲದಿಂದ ತಂತಿ ತೆಗೆದರು, ಕಿಂಡಿಗೆ ಹಾಕಿದರು, ಮೆಲ್ಲಗೆ ತಿರುಗಿಸಿದರು. ಬೀಗ ಬಿಟ್ಟುಕೊಡುವ ಮುಂಚೆ ಒಳಗಿನಿಂದ ಒಂದು ಸಣ್ಣ ಸದ್ದು ಬರುತ್ತದೆ. ಮದುವೆಯಾದಾಗಿನಿಂದ ಕೇಳಿದ ಸದ್ದು ಅದು. ಅದು ಬಂತು. ಇನ್ನೊಂದು ಎಳೆಯಷ್ಟು ತಿರುಗಿಸಿದ್ದರೆ ಬೀಗ ಕೈಗೆ ಬರುತ್ತಿತ್ತು. ಇವರು ಮಣಿಕಟ್ಟನ್ನು ಅಡ್ಡಕ್ಕೆ ತಿರುಚಿದರು. ತಂತಿ ಪಟ್ಟೆಂದು ಮುರಿದು ಅರ್ಧ ಒಳಗೇ ಉಳಿಯಿತು.

"ಆಗಲ್ಲ ಸಾರ್. ತಂತಿ ಒಳಗೇ ಮುರೀತು. ಇನ್ನು ಯಾವ ಕೀನೂ ಹೋಗಲ್ಲ" ಎಂದರು.

ಮೆತ್ತನೆಯವನು ಬಾಗಿಲ ಹತ್ತಿರ ಬಂದು ನಿಂತ. ಮೂಗು ಅರಳಿಸಿ, ಏನೋ ಸೀದ ವಾಸನೆ ಬರುತ್ತಿದೆಯಲ್ಲ ಎಂದ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು, ಅವನೇ ಕಂಡುಕೊಳ್ಳುತ್ತಿದ್ದ, ನಮ್ಮ ತಪ್ಪೂ ಮುಚ್ಚಿಹೋಗುತ್ತಿತ್ತು. ಆದರೆ ಬಾಯಿ ಹೇಗೆ ತೆರೆಯಿತೋ ನನಗೇ ತಿಳಿಯದು.

"ನನ್ನ ಬಟ್ಟೇದು ಕಣಪ್ಪಾ. ಬೆಳಿಗ್ಗೆ ಅನ್ನ ಸೀದುಹೋಯ್ತು. ಬದಲಾಯಿಸೋಕೆ ಬೇರೆ ಬಟ್ಟೆ ಎಲ್ಲಿಂದ ತರಲಿ?"

ಕೂಲಿಯವರು ನಕ್ಕರು. ಅವನು ನಗಲಿಲ್ಲ. ಮೊದಲು ಬೀಗವನ್ನು, ಆಮೇಲೆ ಇವರ ಕೈಯನ್ನು ಬಹಳ ಹೊತ್ತು ನೋಡಿದ. ಹೊರಗೆ ಬೀಗ ಹಾಕಿ ಒಳಗೆ ಕೂರುವವರೂ ಇರುತ್ತಾರೆ ಎಂದು ಯಾರಿಗೋ ಎಂಬಂತೆ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾವಿಬ್ಬರೂ ನೆಲ ನೋಡಿದೆವು. ಅವನು ನನ್ನ ಕಡೆ ತಿರುಗಿದ. ಅವನ ದನಿ ಎಂದಿಗಿಂತ ಮೆತ್ತಗಿತ್ತು.

"ಅಕ್ಕಾ, ನಿಮ್ಮ ಅಡುಗೆಮನೆ ಕಿಟಕಿ ಸರಳು ಸಡಿಲ ಇದೆ. ಭದ್ರ ಮಾಡಿಸ್ಕೊಳ್ಳಿ, ಮಗು ಇರೋ ಮನೆ. ನಾಳೆ ಇಲ್ಲಿಗೆ ಬೀಗ ಕತ್ತರಿಸೋರನ್ನ ಕರ್ಕೊಂಡು ಬರ್ತೀನಿ. ಹಾಗೇ ಹನ್ನೊಂದಕ್ಕೆ ನಿಮ್ಮ ಮನೆಗೂ."

ಅಂದರೆ ಐದು ತಿಂಗಳಿಂದಲೂ ಅವನಿಗೆ ಗೊತ್ತಿತ್ತು. ಬೀಗವನ್ನು ಎತ್ತಿ ಬಿಡುವಾಗಲೆಲ್ಲ ನಾವು ಒಳಗೆ ಉಸಿರು ಹಿಡಿದು ಕೂತಿದ್ದೇವೆಂದು ತಿಳಿದೇ ಟಣ್ ಎನ್ನಿಸುತ್ತಿದ್ದ. ಹೆದರಿದವರು ಬಡ್ಡಿ ಚೆನ್ನಾಗಿ ಕಟ್ಟುತ್ತಾರೆ.

ದಾರಿಯುದ್ದಕ್ಕೂ ನಾನು ಇವರನ್ನು ಬೈದೆ. ಊರ ಉಸಾಬರಿ ನಿಮಗೇಕೆ, ನಾಳೆಯಿಂದ ಮಗಳಿಗೆ ಹಿತ್ತಾಳೆ ಪುಡಿ ತಿನ್ನಿಸುತ್ತೀರಾ ಎಂದೆ. ಮನೆ ಬಾಗಿಲಿಗೆ ಬಂದು ನಮ್ಮ ಬೀಗಕ್ಕೆ ಕೀ ಹಾಕಲು ಹೋದರೆ ಕಿಂಡಿಯೇ ಸಿಗಲಿಲ್ಲ, ಬೀಗದಣ್ಣನಿಗೆ! ನಾನೇ ಕೀ ಕಿತ್ತುಕೊಂಡು ತೆಗೆದೆ. ಆಗ ಹೇಳಿದರು.

"ಆ ಬಾಗಿಲು ತೆಗೆದಿದ್ರೆ, ಈ ಬಾಗಿಲ ಹಿಂದೆ ನಾನು ಹೇಗೆ ಕೂರ್ತಿದ್ದೆ ಹೇಳು?"

ನಾನು ಕಣ್ಣಲ್ಲಿ ಏನು ಹೇಳಿದ್ದೆ ಎಂಬುದನ್ನು ಇವರು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

ಮರುದಿನ ಬೆಳಿಗ್ಗೆ ಚಪ್ಪಲಿ ಅಂಗಡಿಯವನು ಸುದ್ದಿ ತಂದ. ಆ ಮನೆಯ ಹಿಂದಿನ ಕಿಟಕಿ ತೆರೆದಿದೆಯಂತೆ, ಒಳಗೆ ನರಪಿಳ್ಳೆಯೂ ಇಲ್ಲವಂತೆ, ಒಲೆಯ ಮೇಲೆ ಒಂದು ಪಾತ್ರೆ ಕರಕಲು ಅನ್ನ ಹಾಗೇ ಇದೆಯಂತೆ. ಮುಂಬಾಗಿಲ ಬೀಗ ಮಾತ್ರ ಇನ್ನೂ ಭದ್ರ ಎಂದು ಅವನು ನಕ್ಕ. ನನಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಅವರು ಓಡಿದರು, ನಾವು ಎಲ್ಲಿಗೆ ಓಡುವುದು?

ಇವರು ನಮ್ಮ ಬೀಗವನ್ನು ಕೀ ಸಮೇತ ಹಿತ್ತಾಳೆ ಪುಡಿಯ ಡಬ್ಬಿಗೆ ಹಾಕಿ, ಮುಂಬಾಗಿಲನ್ನು ಅಗಲವಾಗಿ ತೆರೆದಿಟ್ಟರು. ಇನ್ನು ಬಚ್ಚಿಡುವುದಕ್ಕೆ ಏನಿದೆ ಎಂದು ನಾನು ಕುಕ್ಕರ್ ಇಟ್ಟೆ. ಅದು ಕೂಗಿದಾಗ ಮೂವರೂ ಬೆಚ್ಚಿಬಿದ್ದೆವು. ಮಗಳು ಎರಡೆರಡು ಸಲ ಕೇಳಿದಳು, ಇವತ್ತು ಬೀಗ ಹಾಕುವುದಿಲ್ಲವಾ ಎಂದು.

ಹನ್ನೊಂದಕ್ಕೆ ಸರಿಯಾಗಿ ಬೈಕಿನ ಸದ್ದು ಬಂತು, ಅದರ ಹಿಂದೆ ತಳ್ಳುಗಾಡಿ. ಮೆತ್ತನೆಯವನು ಮೆಟ್ಟಿಲೇರಿ ಅಭ್ಯಾಸಬಲದಿಂದ ಬೀಗಕ್ಕೆಂದು ಕೈ ಎತ್ತಿದ, ಎತ್ತಲು ಬೀಗವಿರಲಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದ. ಇವರೇ, ಹಿಂದಿನ ಸಂಜೆ ಅಂಗಡಿಯಿಂದ ತಂದು ಮಂಚದ ಕೆಳಗೆ ತಳ್ಳಿದ್ದ ಮಿಷನ್ನನ್ನು ಎಳೆದು, ಗೋಣಿಯ ಹಗ್ಗ ಬಿಗಿ ಮಾಡಿ ಕೊಟ್ಟರು. ಅಲ್ಲಾಡಿಸಬೇಡಿ, ಬ್ಲೇಡು ಹೋಗುತ್ತೆ ಎಂದು ಕೂಲಿಯವರಿಗೆ ಹೇಳಿದರು. ನಾಳೆಯಿಂದ ಅರದಲ್ಲಿ ಉಜ್ಜಿ ಕೀ ಮಾಡಬೇಕು, ದಿನಕ್ಕೆ ನಾಲ್ಕಾದರೆ ಹೆಚ್ಚು. ಉಳಿದ ಸಾಲ ಹಾಗೇ ಇತ್ತು, ಶಾಲೆಯ ಗೇಟು ಹಾಗೇ ಇತ್ತು. ನನ್ನ ಭಯ ಒಂದು ಗುಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಅವನು ಕಾಗದ ಬಿಚ್ಚಿ, ನಡುಮನೆಯಲ್ಲಿ ನಿಂತು, ಮುಂದಿನ ಕಂತಿನ ಮಾತು ಶುರು ಮಾಡಿದ. ಆಗ ನೋಡಿದೆ. ಮಗಳು ಗೋಡೆಗೆ ಒರಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ನನ್ನನ್ನೇ ನೋಡುತ್ತಿದ್ದಳು.

"ಕೆಮ್ಮು ಪುಟ್ಟೀ" ಎಂದೆ.

ಅವಳು ನಂಬಲಿಲ್ಲ. ಅವನನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಜೋರಾಗಿ ಕೆಮ್ಮು. ಇದು ನಮ್ಮನೆ."

ಕೈ ತೆಗೆದಳು. ಐದು ತಿಂಗಳು ನುಂಗಿದ ಕೆಮ್ಮೆಲ್ಲ ಒಟ್ಟಿಗೇ ಬಂತು. ಬಗ್ಗಿ, ಮೊಣಕಾಲು ಹಿಡಿದುಕೊಂಡು, ಬೀದಿಗೆ ಕೇಳುವ ಹಾಗೆ ಕೆಮ್ಮಿದಳು. ನಾನು ಅವಳ ಬೆನ್ನು ನೀವುತ್ತ ಕೂತೆ. ಅವನು ಇನ್ನೂ ಏನೋ ಹೇಳುತ್ತಲೇ ಇದ್ದ. ತುಟಿ ಆಡುತ್ತಿದ್ದುದು ಕಾಣುತ್ತಿತ್ತು. ಆ ಮೆತ್ತನೆಯ ಮಾತಿನಲ್ಲಿ ಒಂದಕ್ಷರವೂ ನಮಗೆ ಕೇಳಿಸಲಿಲ್ಲ.