ರೆಪ್ಪಿ ಮಡಚಿ ನೋಡಿದಾಕಿ

ನಾನು ಸಿರುಗುಪ್ಪದಾಗ ಹೈಸ್ಕೂಲ್ ವಿಜ್ಞಾನ ಮಾಸ್ತರ. ಕಣ್ಣಿನ ಚಿತ್ರ ಬೋರ್ಡಿನ ಮ್ಯಾಲ ಎಷ್ಟು ಸಲ ಬರದೀನೋ ಲೆಕ್ಕ ಇಲ್ಲ. ಆದ್ರ ನನ್ನ ಸ್ವಂತ ರೆಪ್ಪಿ ಒಳಗ ಏನೈತಿ ಅಂತ ನಾ ಎಂದೂ ನೋಡಿಕೊಂಡಾವಲ್ಲ.

ನಮ್ಮ ಕಡೆ ಭತ್ತ ಕೊಯ್ಲಿಗೆ ಬಂತಂದ್ರ ಊರಿಗೆ ಊರೇ ಕಣ್ಣು ಉಜ್ಜತೈತಿ. ಮಷೀನು ಗದ್ದಿಗೆ ಇಳಿದ್ರ ಸಾಕು, ಹೊಟ್ಟು ಗಾಳಿಗೆ ಹಾರಿ ಬೈಕಿನ್ಯಾವರ ಕಣ್ಣಾಗ ಬಿತ್ತಂತ ತಿಳಕೊಳ್ರಿ. ಅದಕ್ಕ ಇಲ್ಲಿ ಕಣ್ಣಿಗೆ ಏನ ಆದ್ರೂ ಒಂದ ಮಾತು, "ಹೊಟ್ಟು ಬಿದ್ದಿರಬೇಕು ಬಿಡು." ಬಲಗಣ್ಣಿನ ಮ್ಯಾಲಿನ ರೆಪ್ಪಿ ಒಳಗ ಜ್ವಾಳದ ಕಾಳಿನಷ್ಟು ಗಂಟು ಕೈಗೆ ಹತ್ತಿದಾಗ ವಿಜ್ಞಾನ ಮಾಸ್ತರನೂ ಅದನ್ನ ಅಂದ. ಹಳೇ ಹೊಟ್ಟು ಒಳಗ ಕುಂತು ಗಂಟಾಗೈತಿ ಅಂತ ನಾನ ತೀರ್ಮಾನ ಮಾಡಿಬಿಟ್ಟೆ. ಮೆಡಿಕಲ್ ಶಾಪಿನಾಗ ಡ್ರಾಪ್ಸ್ ತಂದು ಹಾಕ್ಕೊಂಡೆ. ಹೋಗಲಿಲ್ಲ. ಒಬ್ರು ಡಾಕ್ಟರು ಗುಳ್ಳಿ ಇರಬೇಕು ಅಂತ ಕೆರೆದು ತೆಗೆದ್ರು, "ಮತ್ತ ಬಂದ್ರ ತಪ್ಪದ ಬರ್ರಿ" ಅಂದ್ರು. ಅದ ಜಾಗದಾಗ ಮತ್ತ ಬಂತು, ನಾನು ಹೋಗಲಿಲ್ಲ. ತಪ್ಪು ಅವರದಲ್ಲ, ನಂದು. ನೋವಿಲ್ಲ, ನೀರಿಲ್ಲ, ಇದಕ್ಕೇನು ಆಸ್ಪತ್ರಿ ಅಂತ ಆರು ತಿಂಗಳು ಕಳದೆ.

ಕಡೀಗೆ ನನ್ನ ಹೆಂಡತಿ ಹಟ ಹಿಡದ್ಲು. "ರೀ, ಕುರುಗೋಡಿಗೆ ಹೋಗೂಣು ನಡೀರಿ. ಅಜ್ಜಿಗೆ ತೋರಸೂಣು."

ಕುರುಗೋಡಿನಾಗ ನಾ ಹುಟ್ಟಿ ಬೆಳೆದ ಓಣ್ಯಾಗ ಒಬ್ಬಾಕಿ ಅಜ್ಜಿ ಅದಾಳ. ಕಣ್ಣಾಗಿನ ಕಸ ತೆಗಿಯಾಕಿ. ಬಾಯಿ ಮುಕ್ಕಳಿಸಿ, ರೆಪ್ಪಿ ಮಡಚಿ, ನಾಲಗಿ ತುದೀಲೆ ಹೊಟ್ಟು ಎತ್ತತಾಳ. ಎತ್ತಿದ್ದನ್ನ ಅಂಗೈ ಮ್ಯಾಲ ಇಟ್ಟು ತೋರಸ್ತಾಳ. ಕಸ ಅಂಗೈಗೆ ಬಂದ್ರ ಮಾತ್ರ ಎಲಿ-ಅಡಿಕಿ ಇಸ್ಕೊಳ್ಳೋದು, ಬರದಿದ್ರ ಏನೂ ಮುಟ್ಟಂಗಿಲ್ಲ. ಸಣ್ಣಾವಿದ್ದಾಗ ನನ್ನ ಕಣ್ಣಾಗಿನ ಕಸಾನೂ ಆಕೀನ ತೆಗೆದಾಕಿ. ದೊಡ್ಡಾವಾಗಿ ಬಿ.ಎಸ್ಸಿ., ಬಿ.ಎಡ್. ಮಾಡಿದ ಮ್ಯಾಲ ನನಗ ತಲಿ ತಿರುಗಿತು ನೋಡ್ರಿ. ಕ್ಲಾಸಿನಾಗ ನಿಂತು, "ಕಣ್ಣು ನೆಕ್ಕಿಸಿಕೊಳ್ಳಾಕ ಹೋಗ್ತೀರೇನ್ರಲೇ, ಥೂ!" ಅಂತ ಆಕಿನ್ನ ಅಣಕಿಸ್ತಿದ್ದೆ. ಆ ಮಾತು ಆಕಿ ಕಿವಿಗೂ ಬಿದ್ದಿತ್ತು.

"ನಾ ಬರಂಗಿಲ್ಲ" ಅಂತ ಒದರಾಡಿದೆ. ಹೆಂಡತಿ ತಣ್ಣಗ ಅಂದ್ಲು, "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಾಗ ಬಿದ್ದಿತ್ತಂತ. ಗಾಡಿ ಹತ್ತರಿ." ಹತ್ತಿದೆ.

ಅಜ್ಜಿ ಕಟ್ಟಿ ಮ್ಯಾಲ ಕುಂತು ಅವರಿಕಾಯಿ ಸುಲೀತಿದ್ಲು. ನನ್ನ ನೋಡಿ ನಕ್ಕಳು. "ಬಾರಪಾ ಮಾಸ್ತರ. ಥೂ ಅಂದಾವ ಬಂದಿ ಅಂದ್ರ ಕಣ್ಣು ಭಾಳ ಕೆಟ್ಟಿರಬೇಕು."

"ನಾಲಗಿ ಮಾತ್ರ ಹಚ್ಚಬ್ಯಾಡ ಅಜ್ಜಿ" ಅಂದೆ.

"ನಿನ್ನ ಕಣ್ಣು ನೆಕ್ಕಾಕ ನನಗೇನು ಹುಚ್ಚು ಹಿಡದೈತೇನಲೇ? ಕುಂದರು, ಕೆಳಗ ನೋಡು."

ಕೈ ತೊಳಕೊಂಡು ಬಂದು, ಒಂದು ಕಡ್ಡಿ ರೆಪ್ಪಿ ಮ್ಯಾಲ ಆನಿಸಿ, ಕೂದಲು ಹಿಡದು ಟಕ್ಕನ ಮಡಚಿದ್ಲು. ಬಿಸಿಲಿಗೆ ನನ್ನ ಮುಖ ತಿರುಗಿಸಿ ಭಾಳ ಹೊತ್ತು ನೋಡಿದ್ಲು. ನಗು ನಿಂತಿತ್ತು.

"ಚುಚ್ಚತೈತೇನು?"

"ಇಲ್ಲ."

"ಇಲ್ಲಿ ರೆಪ್ಪಿ ಕೂದಲು ಎಲ್ಲಿ ಹೋದುವು?"

ನನಗ ಗೊತ್ತಿರಲಿಲ್ಲ. ದಿನಾ ಕನ್ನಡಿ ಮುಂದ ಗಡ್ಡ ಹೆರಕೊಳ್ಳಾವ ನಾನು, ಗಂಟಿನ ಕಡೀಗೆ ನಾಕೈದು ಕೂದಲು ಉದುರಿದ್ದು ನನಗ ಕಂಡಿರಲೇ ಇಲ್ಲ.

"ಹೊಟ್ಟು ಆಗಿದ್ರ ಮೂರು ದಿನ ನಿನ್ನ ಮಲಗಾಕ ಬಿಡ್ತಿರಲಿಲ್ಲ. ಇದು ಸುಮ್ಮನ ಕುಂತೈತಿ. ಸುಮ್ಮನ ಕುಂದ್ರೋದನ್ನ ನಂಬಬಾರದು ತಮ್ಮಾ. ಮನಿಗೆ ಹೋಗಬ್ಯಾಡ, ಹಿಂಗ ಸೀದಾ ಬಳ್ಳಾರಿ ದವಾಖಾನಿಗೆ ಹೋಗು."

ಅಂಗೈ ತೋರಸಲಿಲ್ಲ, ಎಲಿ-ಅಡಿಕಿ ಮುಟ್ಟಲಿಲ್ಲ. ನಾನು ಗೊಣಗಿಕೋತ ಗಾಡಿ ಬಳ್ಳಾರಿ ಕಡೆ ಹೊಳ್ಳಿಸಿದೆ.

ಬಳ್ಳಾರಿಯ ಕಣ್ಣಿನಾಸ್ಪತ್ರ್ಯಾಗ ಡಾಕ್ಟರಮ್ಮ ಹತ್ತಿ ಸುತ್ತಿದ ಕಡ್ಡೀಲೆ ಹಂಗ ರೆಪ್ಪಿ ಮಡಚಿದ್ರು, ಥೇಟ್ ಅಜ್ಜಿ ಮಡಚಿದಂಗ. ನೋವಿದೆಯಾ ಅಂತ ಕೇಳಿದ್ರು. ಒಮ್ಮೆ ಕೆರೆಸಿದ್ದೆ, ಮತ್ತ ಅಲ್ಲೇ ಬಂತು ಅಂದೆ. ಕೂದಲು ಉದುರಿದ ಜಾಗ ಬೆರಳಿಂದ ಸವರಿದ್ರು.

"ಗುಳ್ಳೆ ಥರಾನೇ ಕಾಣುತ್ತೆ ಸಾರ್, ನನಗೇನೋ ಗುಳ್ಳೆ ಅನ್ನಿಸ್ತಿಲ್ಲ. ಇಂಥದ್ದು ನಾನು ನೋಡಿರೋದೇ ಅಪರೂಪ. ಚೂರು ತೆಗೆದು ಲ್ಯಾಬಿಗೆ ಕಳಿಸೋಣ. ಇಲ್ಲಿಗೆ ಹೋಗಿ ಅಂತ ಯಾರು ಹೇಳಿದ್ರು?"

ಹೇಳಾಕ ನಾಚಿಕಿ ಆತು. "ನಮ್ಮ ಕಡೆಯವ್ರು" ಅಂದೆ.

ಆ ಚೂರು ಸಣ್ಣ ಬಾಟ್ಲ್ಯಾಗ ಹೋದ ಮ್ಯಾಲ ರಿಪೋರ್ಟ್ ಬರೋತನಕ ನಾನು ನಾನಾಗಿರಲಿಲ್ಲ. ಒಂದು ಕಣ್ಣು ಕೈಲೆ ಮುಚ್ಚಿಕೊಂಡು ಬೋರ್ಡು ಓದಿ ನೋಡ್ತಿದ್ದೆ, ಒಂದ ಕಣ್ಣಿಲೆ ಬದುಕೋದು ಹೆಂಗ ಅಂತ. ಅಂಜಿಕಿ ಬಂದಿತ್ತು, ಸುಳ್ಳು ಯಾಕ ಹೇಳಲಿ.

ರಿಪೋರ್ಟ್ ಬಂತು. ಕ್ಯಾನ್ಸರ್. ರೆಪ್ಪಿ ಒಳಗಿನ ಎಣ್ಣಿ ಗ್ರಂಥಿಯಾಗ ಹುಟ್ಟೋದು. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳಕೊಂಡು ಕುಂತು, "ರೆಪ್ಪೆ ದಾಟಿಲ್ಲ. ಇನ್ನೂ ತಡ ಮಾಡಿದ್ರೆ ಕಣ್ಣೇ ತೆಗೀಬೇಕಾಗ್ತಿತ್ತು, ಆಮೇಲೆ ಜೀವದ ಮಾತು" ಅಂದ್ರು. ನನ್ನ ಹೆಂಡತಿ ನನ್ನ ಕೈ ಬಿಡಲೇ ಇಲ್ಲ. ಅವರು ಆ ಭಾಗ ಕತ್ತರಿಸಿ ತೆಗೆದು, ರೆಪ್ಪಿ ಮತ್ತ ಕೂಡಿಸಿ ಹೊಲದ್ರು. ಈಗ ಸ್ವಲ್ಪ ಸೊಟ್ಟ ಐತಿ. ಇರಲಿ ಬಿಡ್ರಿ, ಎರಡೂ ಕಣ್ಣು ಕಾಣ್ತಾವ. ಆ ತಾಯಿಗೆ ಎಷ್ಟು ಕೈ ಮುಗಿದ್ರೂ ಕಡಿಮಿನ.

ಕೆಲಸಕ್ಕ ಹೊಳ್ಳಿ ಹೋಗೂಕಿಂತ ಮೊದಲು ಕುರುಗೋಡಿಗೆ ಹೋದೆ. ಎಲಿ-ಅಡಿಕಿ ಜೋಡಿ ಒಂದು ಸೀರಿ ಇಟ್ಟು, "ತಪ್ಪಾತು ಅಜ್ಜಿ, ಥೂ ಅಂದಿದ್ದೆ" ಅಂದೆ. ಅಜ್ಜಿ ಎರಡೂ ಹಿಂದಕ್ಕ ಸರಿಸಿದ್ಲು.

"ನಾ ಏನೂ ತಗೀಲಿಲ್ಲಲ್ಲೋ. ಎದಕ್ಕ ತಗೊಳ್ಳಲಿ?"

"ಹಂಗಾರ ಅದು ಕಸ ಅಲ್ಲಂತ ಹೆಂಗ ತಿಳೀತು?"

ಅಜ್ಜಿ ನನ್ನ ಸೊಟ್ಟ ರೆಪ್ಪಿ ಬೆರಳಿಲೆ ಮುಟ್ಟಿ ನೋಡಿದ್ಲು. ಆಮ್ಯಾಲ ಅಂದ್ಲು, "ನಮ್ಮಕ್ಕಗ ಹಿಂಗ ಆಗಿತ್ತು, ರೆಪ್ಪಿ ಕೂದಲೂ ಉದುರಿದ್ದುವು. ಹೊಟ್ಟು ಅಂತ ತಿಳದು ಮೂರು ತಿಂಗಳು ದಿನಾ ನಾಲಗಿ ಹಚ್ಚಿದೆ. ದಿನಾ ಅಂಗೈ ಖಾಲಿ. ನಾಳಿ ಬರತೈತಿ, ನಾಳಿ ಬರತೈತಿ ಅಂತ ಆಕಿಗೆ ನಾನ ಹೇಳಿದೆ. ದವಾಖಾನಿಗೆ ಹೋಗತೀನಿ ಅಂದಾಕಿನ್ನ ನಾನ ತಡದೆ." ಸೆರಗು ಬಾಯಿಗೆ ಒತ್ತಿಕೊಂಡ್ಲು. "ಆಕಿ ಹೋದ್ಲು ತಮ್ಮಾ. ಅವತ್ತಿಂದ ಮೊದಲು ಕೂದಲು ನೋಡ್ತೀನಿ."

ಇವತ್ತಿಗೂ ನನ್ನ ಹುಡುಗರಿಗೆ ನಾಲಗಿ ಬ್ಯಾಡ, ಆಸ್ಪತ್ರಿಗೆ ಹೋಗ್ರಿ ಅಂತನ ಹೇಳ್ತೀನಿ. ಅಜ್ಜಿಗೂ ಅವತ್ತು ಅದನ್ನ ಹೇಳಬೇಕಂತ ಹೋಗಿದ್ದೆ. ಹೇಳಲಿಲ್ಲ.

ಅಜ್ಜಿ ಅಂಗೈ ಬಿಚ್ಚಿ ನೋಡಿಕೋತ ಕುಂತಿದ್ಲು. ಅದರಾಗ ಏನೂ ಇರಲಿಲ್ಲ. ನಾನು ಬಗ್ಗಿ ಆ ಕೈ ಹಿಡಕೊಂಡು, ನನ್ನ ಎರಡೂ ಕಣ್ಣಿಗೆ ಒತ್ತಿಕೊಂಡೆ.