ನೀಲಾಂಬಿಕೆಯ ಎದೆಯ ಫೋಟೋ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಧನುರ್ಮಾಸದ ಚಳಿಯಲ್ಲಿ, ಚನ್ನರಾಯಪಟ್ಟಣದ ಜವಳಿ ವ್ಯಾಪಾರಿ ಗಂಗಾಧರಯ್ಯನ ಹೆಂಡತಿ ನೀಲಾಂಬಿಕೆಗೆ ನ್ಯುಮೋನಿಯಾ ಆಯಿತು. ಬದುಕುವುದಿಲ್ಲವೆಂದೇ ಎಲ್ಲರೂ ಕೈಬಿಟ್ಟಿದ್ದರು. ಆಗ ಹೊಸದಾಗಿ ಬರುತ್ತಿದ್ದ ಮಾತ್ರೆಗಳಿಂದ ಜ್ವರವೇನೋ ಇಳಿಯಿತು. ಆದರೆ ಕೆಮ್ಮು ಹೋಗಲಿಲ್ಲ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹಾಸನದಲ್ಲಿ ಒಬ್ಬ ಖಾಸಗಿ ಡಾಕ್ಟರು ಎಕ್ಸ್‌ರೇ ಯಂತ್ರ ತರಿಸಿದ್ದಾರೆಂದು ಕೇಳಿ ಗಂಡ ಅವಳನ್ನು ಕರೆದೊಯ್ದ.

ತಣ್ಣಗಿನ ಹಲಗೆಗೆ ಎದೆಯೊತ್ತಿ ಉಸಿರು ಹಿಡಿದು ನಿಂತವಳು ಅವಳು. ಆದರೆ ಫೋಟೋ ನೋಡುವ ಹೊತ್ತಿಗೆ ಡಾಕ್ಟರು ಗಂಡನನ್ನು ಮಾತ್ರ ಒಳಗೆ ಕರೆದರು. ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಹೊರಬಂದ ಗಂಗಾಧರಯ್ಯನ ಮುಖ ಬಿಳಿಚಿಕೊಂಡಿತ್ತು.

"ಏನಂದ್ರು?" ಎಂದು ಕೇಳಿದಳು.

"ಏನಿಲ್ಲ, ಸುಮ್ನೆ ಬಾ."

ವಾಪಸು ಬರುವಾಗ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಅವನು ಅವಳ ಪಕ್ಕದಲ್ಲಿ ಕೂರಲಿಲ್ಲ.

ಮನೆ ಮುಟ್ಟಿದೊಡನೆ ಅವನು ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಅತ್ತೆ ಬಸವಲಿಂಗಮ್ಮ ಅಂದೇ ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿಸಿದರು. ತಟ್ಟೆ ಲೋಟ ಬೇರೆಯಾದವು. ಮಗಳು ಗೌರಿ ಬಾಗಿಲಾಚೆ ನಿಂತು ಅತ್ತರೆ ಅಜ್ಜಿ ಎಳೆದುಕೊಂಡು ಹೋಗುತ್ತಿದ್ದರು. ಮಗುವನ್ನು ದೂರವಿಟ್ಟದ್ದಕ್ಕೆ ನೀಲಾಂಬಿಕೆ ತಕರಾರು ಮಾಡಲಿಲ್ಲ. ರೋಗವಿದ್ದರೆ ತಾನೇ ಹಾಗೆ ಮಾಡುತ್ತಿದ್ದಳು. ಆದರೆ ಯಾವ ರೋಗ ಎಂದು ಅವಳಿಗೊಬ್ಬಳಿಗೆ ಮಾತ್ರ ಯಾರೂ ಹೇಳಲಿಲ್ಲ. ನೀರು ಸೇದಲು ಬಂದ ನೆರೆಯವಳ ಬಾಯಲ್ಲಿ ಅವಳು ಆ ಮಾತು ಕೇಳಿದಳು: ಎದೆಯಲ್ಲಿ ಕಪ್ಪು ಕಲೆಯಂತೆ, ಕ್ಷಯವಂತೆ.

ಅದಾದ ವಾರದಲ್ಲೇ ಅರಕಲಗೂಡಿನಿಂದ ಅತ್ತೆಯ ತಮ್ಮ ನಂಜಯ್ಯ ಬಂದ. ಕೋಣೆಯ ಗೋಡೆ ತೆಳುವಾಗಿತ್ತು.

"ನಮ್ಮ ಕಡೆ ಒಂದ್ ಹೆಣ್ಣೈತೆ ಅಕ್ಕಾ. ಇವಳು ಇನ್ನೆಷ್ಟು ದಿನ ಅಂತ ಕಾಯ್ತೀರಿ? ಮಗೀಗೂ ಒಬ್ಳು ತಾಯಿ ಬೇಕಲ್ಲ."

ಗಂಡ ಏನಾದರೂ ಅಂದಾನೆಂದು ನೀಲಾಂಬಿಕೆ ಕಿವಿಗೊಟ್ಟು ಕಾದಳು. ಅವನು ಉಸಿರೆತ್ತಲಿಲ್ಲ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಬೆಂಕಿಯಾಯಿತು. ಉಸಿರಾಡುತ್ತಿರುವವಳನ್ನು ಗೋಡೆಯಾಚೆ ಕೂತು ಹೂತುಬಿಟ್ಟಿದ್ದರು.

ಬೆಳಗ್ಗೆ ಯಾರನ್ನೂ ಕೇಳದೆ ಸೆರಗು ಹೊದ್ದು ಒಬ್ಬಳೇ ಹಾಸನದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಕೂತಿದ್ದಳು.

ಡಾಕ್ಟರು ಅವಳನ್ನು ನೋಡಿ ಹುಬ್ಬೇರಿಸಿದರು. "ಯಾರ ಜೊತೆ ಬಂದಿರಮ್ಮ?"

"ನನ್ನ ಎದೆ ಜೊತೆ ಬಂದಿದೀನಿ ಸಾ. ಫೋಟೋ ತೆಗೆದದ್ದು ಅದನ್ನೇ ಅಲ್ವಾ? ಅದ್ರಲ್ಲೇನೈತೆ ಅಂತ ನಂಗೇ ಹೇಳಿ."

ಅವರು ಫಿಲಂ ತಂದು ಕಿಟಕಿಯ ಬೆಳಕಿಗೆ ಹಿಡಿದರು. "ಈ ಕಪ್ಪಗಿರೋದೆಲ್ಲ ಗಾಳಿ ತುಂಬಿದ ಜಾಗ. ಇಲ್ಲಿ ಕೆಳಗೆ ಬೆಳ್ಳಗೆ ಮಬ್ಬಾಗಿದೆ ನೋಡಿ, ಅದೇ ಕಲೆ."

"ಬಿಳೀದಾ? ಊರೆಲ್ಲ ಕಪ್ಪು ಅಂತಾರೆ."

"ನ್ಯುಮೋನಿಯಾದಲ್ಲಿ ಅಲ್ಲಿ ಕೀವು, ನೀರು ಕಟ್ಟಿರುತ್ತೆ. ಜ್ವರ ಬಿಟ್ಟರೂ ಅದು ಕರಗೋದಕ್ಕೆ ತಿಂಗಳೊಪ್ಪತ್ತು ಬೇಕು. ಈ ಮಬ್ಬು ಅದೇ ಇರಬಹುದು. ಕ್ಷಯವೂ ಇರಬಹುದು, ಇಲ್ಲ ಅಂತ ಈಗಲೇ ಹೇಳಲಾರೆ. ಕಫ ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು ಫೋಟೋ ತೆಗೆದರೆ ಗೊತ್ತಾಗುತ್ತೆ. ನಿಮ್ಮ ಯಜಮಾನರಿಗೆ ಇದನ್ನೇ ಹೇಳಿದ್ದೆ."

"ನಂಗ್ಯಾಕೆ ಹೇಳಲಿಲ್ಲ?"

"ಹೆಂಗಸರು ಹೆದರ್ತಾರೆ ಅಂತ."

"ಹೆದರಿದ್ದು ನಾನಲ್ಲ ಸಾ. ನೀವು 'ಇರಬಹುದು' ಅಂದಿದ್ದು ನಮ್ಮನೆ ಮುಟ್ಟೋವೊತ್ತಿಗೆ 'ಐತೆ' ಆಗೋಯ್ತು. ಅಲ್ಲಿ ನನ್ನ ಜಾಗಕ್ಕೆ ಹೆಣ್ಣು ಹುಡುಕ್ತಾವ್ರೆ."

ಡಾಕ್ಟರು ಫಿಲಂ ಕೆಳಗಿಟ್ಟರು. ಆಮೇಲೆ ಕಫಕ್ಕೆ ಶೀಶೆ ಕೊಟ್ಟರು.

ಆ ತಿಂಗಳೊಪ್ಪತ್ತು ಅವಳು ಕೊರವಂಗಲದ ತವರಿನಲ್ಲಿ ಕಳೆದಳು. ಅಲ್ಲಿಯೂ ತಾನಾಗಿಯೇ ಜಗಲಿಯಲ್ಲಿ ಮಲಗಿದಳು. ಭಯ ಇರಲಿಲ್ಲವೆಂದಲ್ಲ. ಕೆಮ್ಮು ಬಂದಾಗಲೆಲ್ಲ ಆ ಬಿಳಿ ಮಬ್ಬು ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಈ ಭಯಕ್ಕೆ ಒಂದು ಹೆಸರಿತ್ತು, ಗಡುವಿತ್ತು. ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಎರಡನೆಯ ಫೋಟೋದಲ್ಲಿ ಮಬ್ಬು ಇದ್ದ ಜಾಗ ಹೆಚ್ಚುಕಡಿಮೆ ತಿಳಿಯಾಗಿತ್ತು. ಈ ಸಲ ಡಾಕ್ಟರು ಅವಳನ್ನೇ ಮೊದಲು ಕರೆದು ತೋರಿಸಿದರು.

ಸುದ್ದಿ ಮುಟ್ಟಿ ಗಂಗಾಧರಯ್ಯ ಮಗಳನ್ನೆತ್ತಿಕೊಂಡು ಬಂದ. ನೀಲಾಂಬಿಕೆ ಗೌರಿಯನ್ನು ಬಾಚಿ ಎದೆಗೊತ್ತಿಕೊಂಡು, ಅವಳ ತಲೆಯ ಮೇಲಿಂದಲೇ ಗಂಡನನ್ನು ಕೇಳಿದಳು.

"ಇನ್ನೊಂದು ಫೋಟೋ ತೆಗೀಬೇಕು ಅಂದಿದ್ರಂತಲ್ಲ ಡಾಕ್ಟರು. ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ಮತ್ತೆ?"

"ಅವ್ವ ಅತ್ಲು. ನಂಜಯ್ಯ ಮಾವನೂ ಹಂಗಂದ. ನಂಗೇನೂ ತೋಚಲಿಲ್ಲ ಕಣೇ."

"ನಿಮಗೆ ತೋಚಲಿಲ್ಲ ಅಂತ ನಾನು ಸಾಯಬೇಕಾಗಿತ್ತಾ?"

ಅವಳು ಗಂಡನ ಜೊತೆ ಹಿಂದಿರುಗಿದಳು, ಆದರೆ ಬೇರೆ ಮನೆ ಮಾಡಿಸಿಕೊಂಡೇ ಹೋದಳು. ನಂಜಯ್ಯ ಆ ಹೊಸಿಲು ತುಳಿಯಲಿಲ್ಲ. ಅತ್ತೆ ತಪ್ಪಾಯಿತು ಎನ್ನಲಿಲ್ಲ. ಎಷ್ಟೋ ವರ್ಷ ಸೊಸೆ ಕೆಮ್ಮಿದರೆ ಅವರ ಸೆರಗು ಮೂಗಿಗೆ ಹೋಗುತ್ತಿತ್ತು. ಗಂಡ ಒಳ್ಳೆಯವನೇ, ಅವಳನ್ನು ಚೆನ್ನಾಗಿಯೇ ನೋಡಿಕೊಂಡ. ಆದರೂ ಗೋಡೆಯಾಚೆ ಅವನು ಸುಮ್ಮನೆ ಕೂತಿದ್ದುದನ್ನು ನೀಲಾಂಬಿಕೆ ಕ್ಷಮಿಸಲಿಲ್ಲ, ಕ್ಷಮಿಸಿದೆನೆಂದು ಸುಳ್ಳೂ ಹೇಳಲಿಲ್ಲ.