ಅಪ್ಪ ಸಿದ್ಧಪುರುಷರಾಗಿದ್ದ ಕಾಲ

ಎಪ್ಪತ್ತಾರನೇ ಇಸವಿಯಲ್ಲಿ ನಮ್ಮಪ್ಪ ರೇವಣಸಿದ್ದಪ್ಪನವರಿಗೆ ಸಿದ್ಧಿಯಾಗಿದೆ ಎಂದು ರಾಜಾಜಿನಗರದಲ್ಲಿ ಮೊದಲು ಸಾರಿದವನು ನಾನು. ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತ. ಯಾರು ತಡವಾಗಿ ಬಂದರು ಎಂಬುದು ಬಿಟ್ಟು ನನ್ನ ಕಣ್ಣಿಗೆ ಬೇರೇನೂ ಬೀಳುತ್ತಿರಲಿಲ್ಲ. ಆದರೂ ಅಪ್ಪ ಸುಮ್ಮನೆ ಕೂತಾಗಲೆಲ್ಲ ಎಡಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿರುವುದನ್ನು ಕಂಡೆ. ಮಣಿ ಇಲ್ಲದ ಜಪ ಎಂದು ತೀರ್ಮಾನಿಸಿದೆ. ಎಡಗೈಯಲ್ಲಿ ಯಾರು ಜಪ ಮಾಡುತ್ತಾರೆ ಎಂದು ಅಮ್ಮ ಕೇಳಿದ್ದಕ್ಕೆ, ಸಿದ್ಧರಿಗೆ ಎಡ ಬಲ ಇಲ್ಲ ಎಂದೆ.

ಅಪ್ಪನ ಮುಖದಲ್ಲಿ ನಗು ನಿಂತುಹೋಗಿತ್ತು, ದನಿ ಇಳಿದಿತ್ತು. ಅಮ್ಮ ಒಗ್ಗರಣೆ ಸೀಯಿಸಿದರೂ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಇಂದ್ರಿಯಗಳನ್ನು ಗೆದ್ದವರಿಗೆ ಇನ್ನೇನು ಲಕ್ಷಣ ಬೇಕು?

ಇಷ್ಟಲಿಂಗ ಪೂಜೆಗೆ ಮಾತ್ರ ಬಾಗಿಲು ಹಾಕಿಕೊಳ್ಳತೊಡಗಿದ್ದರು. ಪೂಜೆಗೆ ಎಡ ಅಂಗೈಯಲ್ಲಿಟ್ಟ ಲಿಂಗ ಜಾರಿ ನೆಲ ಮುಟ್ಟಿದರೆ ಬದುಕಿದ್ದೂ ಸತ್ತಂತೆ ಎಂದು ನಂಬಿದ ಮನೆ ನಮ್ಮದು. ಅಪ್ಪ ಬೆವತು ಹೊರಬರುತ್ತಿದ್ದರು. ಅದು ತಪಸ್ಸಿನ ಕಾವು ಎಂದೂ ನಾನೇ ಹೇಳಿದೆ.

ಪಕ್ಕದ ಮನೆಯ ಕಲ್ಯಾಣಮ್ಮ ತೆಂಗಿನಕಾಯಿ ಹಿಡಿದು ಬಂದು ಕಾಲಿಗೆ ಬಿದ್ದರು. ಆಮೇಲೆ ಕುರುಬರಹಳ್ಳಿಯಿಂದಲೂ ಜನ ಬಂದರು.

"ಎದ್ದೇಳ್ರಮ್ಮ, ನಂಗೇನೂ ಗೊತ್ತಿಲ್ಲ," ಎಂದು ಅಪ್ಪ ಪಿಸುಗುಟ್ಟಿದರೆ, "ಎಷ್ಟು ವಿನಯ ನೋಡಿ," ಎನ್ನುತ್ತಿದ್ದರು.

ಒಂದು ಭಾನುವಾರ ಕಲ್ಯಾಣಮ್ಮನ ಜೊತೆ ಎದುರು ಮನೆಯ ಮುದುಕಿ ತಮ್ಮ ಮಗ ಡಾಕ್ಟರ್ ಸೇತುರಾಮನನ್ನು ಎಳೆದುಕೊಂಡು ಬಂದರು. ಮಗನಿಗೆ ಮದುವೆ ಕೂಡಿಬರಬೇಕಿತ್ತು. ಕಾಲಿಗೆ ಬಗ್ಗಿದ ಡಾಕ್ಟರು ಏಳಲೇ ಇಲ್ಲ. ಅಪ್ಪನ ತೊಡೆಯ ಮೇಲಿನ ಕೈಯನ್ನೇ ನೋಡುತ್ತಿದ್ದರು.

"ಯಜಮಾನ್ರೆ, ಗೇಟ್ ತನಕ ನಡೆದು ಬರ್ತೀರಾ?"

ಅಪ್ಪ ನಡೆದರು. ಬಲಗೈ ಬೀಸಿತು, ಎಡಗೈ ಬೀಸಲಿಲ್ಲ.

"ಪಾರ್ಕಿನ್ಸನ್ ಕಾಯಿಲೆ ಇರಬಹುದು. ದೊಡ್ಡಾಸ್ಪತ್ರೇಲಿ ತೋರಿಸಿ. ಈಗ ಮಾತ್ರೆ ಬಂದಿದೆ."

"ಹಾಗಾದ್ರೆ ಅದು ಜಪ ಅಲ್ವಾ ಸಾರ್?" ಎಂದೆ ನಾನು.

"ಜಪ ಆದ್ರೆ ಬೇಕಂದಾಗ ನಿಲ್ಲಿಸಬಹುದು ಕಣ್ರೀ."

"ಸುಮ್ನಿರೋ," ಎಂದು ಮುದುಕಿ ಮಗನನ್ನು ಗದರಿದರು, "ಮೊದ್ಲು ಆಶೀರ್ವಾದ ತಗೋ."

ಅಪ್ಪ ಡಾಕ್ಟರ ಕಡೆ ತಿರುಗಿದರು. "ಪೂಜೇಲಿ ಲಿಂಗ ಜಾರೋ ಹಾಗಾಗುತ್ತೆ ಡಾಕ್ಟ್ರೆ. ಬಲಗೈ ಕೆಳಗೆ ಕೊಟ್ಟು ಹಿಡ್ಕೋತೀನಿ. ಯಾರೂ ನೋಡ್ಬಾರ್ದು ಅಂತ ಬಾಗಿಲು ಹಾಕ್ಕೊಳ್ಳೋದು."

ಕಲ್ಯಾಣಮ್ಮನಿಗೆ ತಡೆಯಲಾಗಲಿಲ್ಲ.

"ಅಲ್ಲ ಅಣ್ಣಾವ್ರೆ, ನಿಜವಾಗ್ಲೂ ಬಿದ್ದೇಬಿಟ್ರೆ ಏನ್ ಮಾಡ್ತೀರಿ?"

ಅಮ್ಮ ಕಣ್ಣು ಮುಚ್ಚಿಕೊಂಡರು.

"ಎತ್ಕೋತೀನಿ," ಎಂದ ಅಪ್ಪ ನನ್ನ ಕಡೆ ತಿರುಗಿದರು. "ಬಗ್ಗೋಕಾಗ್ದಿದ್ರೆ ಇವನು ಎತ್ಕೊಡ್ತಾನೆ."